ನನ್ನ ಸ್ಟಾಪ್ ಬರುವವರೆಗೆ

ಆರು ವರ್ಷ ಎಂಟು ತಿಂಗಳು ನಾನು ಬಸ್ಸಿನಲ್ಲಿ ಕೂತಿರಲಿಲ್ಲ. ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಹೋಗುತ್ತಿದ್ದೆ. ಕೂತರೆ ಕಣ್ಣು ಮುಚ್ಚುತ್ತದೆಂಬ ಹೆದರಿಕೆ. ಆ ಹೆದರಿಕೆಯನ್ನು ದೇವರು ಹೇಗೆ ತೆಗೆದನೆಂದು ನಮ್ಮ ಸಭೆಗಳ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ತಿಳಿಸಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ನಾನು ಓದಿದ್ದು ಏಳನೇ ತರಗತಿ. ತಪ್ಪಿದ್ದಲ್ಲಿ ನೀವೇ ತಿದ್ದಿ ಓದಿಕೊಳ್ಳಿ.

ನಮ್ಮ ಮದುವೆಯಾದದ್ದು 1997ರಲ್ಲಿ. ನಮ್ಮವರು ಕುಂದಾಪುರದಿಂದ ಬೈಂದೂರಿಗೆ ಹೋಗುವ ಸರ್ವಿಸ್ ಬಸ್ಸಿನಲ್ಲಿ ಕಂಡಕ್ಟರ್. ದಿನವಿಡೀ ನಿಂತೇ ಇರುತ್ತಿದ್ದ ಮನುಷ್ಯನಿಗೆ ಉಳಿದವರೆಲ್ಲ ಕೂತಿರಬೇಕೆಂದು ಆಸೆ. ಇಳಿಯುವ ಜಾಗ ಎಲ್ಲಿ ತಪ್ಪಿಹೋಗುತ್ತದೋ ಎಂದು ಹೆಮ್ಮಾಡಿಯಿಂದಲೇ ಬಾಗಿಲ ಬಳಿ ಬಂದು ನಿಲ್ಲುವ ಮುದುಕಿಯರಿಗೆ, "ಕೂಕಣಿ ಅಮ್ಮ, ನೀವ್ ನಿಂತ್ರೆ ಬಸ್ ಬೇಗ ಹೋತಿಲ್ಲ. ನಿದ್ರಿ ಬಂದ್ರೆ ಮನಿಕಣಿ. ನಿಮ್ಮ ಸ್ಟಾಪ್ ಬಪ್ಪತಿಗೆ ನಾ ಎಬ್ಸ್ತೆ" ಎನ್ನುತ್ತಿದ್ದರು. ಅವರು ಯಾರನ್ನೂ ಎಬ್ಬಿಸಲು ಮರೆತದ್ದಿಲ್ಲ. ಅದೊಂದು ಅವರ ಹೆಮ್ಮೆ.

2001ರ ಜನವರಿಯಲ್ಲಿ ಅವರಿಗೆ ಕಾಮಾಲೆ ಬಂತು. ನಾಟಿ ಮದ್ದಿನಲ್ಲಿ ಎರಡು ವಾರ ಕಳೆದೆವು. ಬ್ರಹ್ಮಾವರದ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಹೊಟ್ಟೆಯಲ್ಲಿ ನೀರು ತುಂಬಿತ್ತು. ಮಕ್ಕಳಿಲ್ಲದ ನಮಗೆ ಹಗಲಿಗೂ ರಾತ್ರಿಗೂ ನಾನೊಬ್ಬಳೇ. ಹತ್ತೊಂಬತ್ತು ದಿನ ಅವರ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತೆ. ಇಪ್ಪತ್ತನೇ ದಿನ ಮಧ್ಯಾಹ್ನ ಊಟದ ತಟ್ಟೆ ತೊಳೆದು ಬಂದು ಮಂಚದ ಅಂಚಿಗೆ ತಲೆ ಆನಿಸಿದ್ದು ನೆನಪಿದೆ. ಆಮೇಲೆ ನೆನಪಿರುವುದು ನರ್ಸ್ ನನ್ನ ಭುಜ ಮುಟ್ಟಿದ್ದು. ಗೋಡೆಯ ಗಡಿಯಾರದಲ್ಲಿ ಮೂರೂಕಾಲು. ಅವರು ಹೋಗಿಬಿಟ್ಟಿದ್ದರು.

ಒಂದು ಗಂಟೆ ನಿದ್ದೆ ಮಾಡಿದ್ದೆ. ಕಣ್ಣು ತೆರೆದು ನನ್ನನ್ನು ಹುಡುಕಿದರೋ, ನೀರು ಕೇಳಿದರೋ, ನನಗೆ ಗೊತ್ತಿಲ್ಲ. ನಮ್ಮ ಸ್ವಾಮಿಯು ಶಿಲುಬೆಗೇರುವ ಹಿಂದಿನ ರಾತ್ರಿ ತೋಟದಲ್ಲಿ ಸಂಕಟಪಡುವಾಗ ಶಿಷ್ಯರು ನಿದ್ದೆಹೋದ ಪಾಠವನ್ನು ಆ ವರ್ಷದ ಶುಭ ಶುಕ್ರವಾರ ಓದಿದಾಗ ನಾನು ಎದ್ದು ಹೊರಗೆ ಹೋದೆ. ಅಂದಿನಿಂದ ನನಗೆ ಇದ್ದದ್ದು ಒಂದೇ ಪ್ರಾರ್ಥನೆ: ಕರ್ತನೇ, ಆ ಒಂದು ಗಂಟೆಯನ್ನು ನನಗೆ ಕ್ಷಮಿಸು.

ಬಾಯಲ್ಲಿ ಕ್ಷಮಿಸು ಎಂದರೂ ಅದನ್ನು ನಾನೇ ದುಡಿದು ತೀರಿಸಲು ಹೊರಟಿದ್ದೆ. ದೇವಾಲಯ ಗುಡಿಸುವುದು ನಾನು, ಬಲಿಪೀಠದ ಬಟ್ಟೆ ಒಗೆಯುವುದು ನಾನು, ಸಂಡೇ ಸ್ಕೂಲು, ಸ್ತ್ರೀಯರ ಸಂಘ, ಶುಕ್ರವಾರದ ಉಪವಾಸ. ಯಾರಾದರೂ ಆಸ್ಪತ್ರೆ ಸೇರಿದರೆ ಅವರ ಮನೆಯವರಿಗಿಂತ ಮೊದಲು ನಾನು ಅಲ್ಲಿ. ಮಂಡಿ ಊದಿತು, ಬಿ.ಪಿ. ಏರಿತು. ಡಾಕ್ಟರು ವಿಶ್ರಾಂತಿ ಎಂದರು. ವಿಶ್ರಾಂತಿ ನನ್ನಂಥವಳಿಗಲ್ಲ ಎಂದುಕೊಂಡೆ.

ಹೀಗೇ 2007ರ ಬೆಳೆಹಬ್ಬ ಬಂತು. ಆರಾಧನೆಯ ನಂತರದ ಊಟಕ್ಕೆ ಮಳಿ ಸುಕ್ಕ ನಾನು ಮಾಡುತ್ತೇನೆಂದು ಒಪ್ಪಿಕೊಂಡೆ. ಮಳಿ ಎಂದರೆ ಹೊಳೆಯ ಮರಳಿನಲ್ಲಿ ಸಿಗುವ ಚಿಪ್ಪುಮೀನು; ಸುಕ್ಕ ಎಂದರೆ ಕಾಯಿತುರಿ ಹಾಕಿದ ಒಣ ಪಲ್ಯ. ಪಕ್ಕದ ಮನೆಯ ಗಿರಿಜಕ್ಕ ಮೀನು ಮಾರುವವರು. ಅವರೇ ಗುಲ್ವಾಡಿಯ ಕಡೆಯಿಂದ ಒಂದು ಗೋಣಿ ಮಳಿ ತರಿಸಿಕೊಟ್ಟರು. ಹೊಳೆಯ ನೀರಲ್ಲೇ ಹಾಕಿಡಿ, ಮರುದಿನ ಬೇಯಿಸುವವರೆಗೆ ಕೈ ಹಾಕಬೇಡಿ ಎಂದು ಎರಡು ಸಲ ಹೇಳಿಯೂ ಹೋದರು.

ಕೈ ಹಾಕದೆ ಇರುವುದು ನನ್ನಿಂದಾಗುತ್ತದೆಯೇ? ಸಭೆಗೆ ಬಡಿಸುವ ಅಡುಗೆ, ಶುದ್ಧವಾಗಿರಬೇಕು. ಗಂಟೆಗೊಮ್ಮೆ ಆ ನೀರು ಚೆಲ್ಲಿ ಬಾವಿಯ ನೀರು ಹುಯ್ದೆ, ಕೈಯಾಡಿಸಿ ತಿಕ್ಕಿದೆ, ಪಾತ್ರೆ ಕುಲುಕಿದೆ. ಹೊರಗಿನ ಚಿಪ್ಪು ಬೆಳ್ಳಿಯಂತೆ ಹೊಳೆಯಿತು.

ಭಾನುವಾರ ಎಲ್ಲರ ಬಾಯಲ್ಲೂ ಕರಕರ. ಪಾಪ, ಯಾರೂ ಉಗುಳಲಿಲ್ಲ. ಹಬ್ಬದ ದಿನ ವಿಧವೆ ಮಾಡಿದ ಅಡುಗೆಯೆಂದು ನುಂಗಿದರು. ನಮ್ಮ ಪಾದ್ರಿ ಅಯ್ಯನವರು ಮಾತ್ರ ಒಂದು ಲೋಟ ನೀರು ಕುಡಿದು ಮೆಲ್ಲಗೆ, "ಸುಮತಕ್ಕ, ಮರಳಿನ ಮೇಲೆ ಮನೆ ಕಟ್ಟಬೇಡಿ ಅಂತ ನಾನು ಪ್ರಸಂಗ ಮಾಡಿದ್ದು ನಿಜ. ಊಟಕ್ಕೆ ಹಾಕಿ ಅಂತ ಹೇಳಿರಲಿಲ್ಲ" ಎಂದರು. ಎಲ್ಲರೂ ನಕ್ಕರು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಬಾವಿಕಟ್ಟೆಗೆ ಹೋಗಿ ಅತ್ತೆ. ಇಷ್ಟು ಮಾಡಿಯೂ ಏನೂ ಸರಿಯಾಗುವುದಿಲ್ಲವಲ್ಲ, ಕರ್ತನೇ, ಇನ್ನು ನನ್ನ ಕೈಲಾಗುವುದಿಲ್ಲ ಎಂದೆ. ಆರು ವರ್ಷದಲ್ಲಿ ಆ ಮಾತು ಅದೇ ಮೊದಲ ಸಲ ನನ್ನ ಬಾಯಿಂದ ಬಂದದ್ದು.

ಮರುದಿನ ಬೈಂದೂರಿನಲ್ಲಿ ಸ್ತ್ರೀಯರ ಕೂಟವಿತ್ತು. ಬೆಳಿಗ್ಗೆ ಒಂಬತ್ತರ ಬಸ್ಸು ಹತ್ತಿ ಎಂದಿನಂತೆ ನಿಂತೆ. ಮರವಂತೆಯ ತಮ್ಮನ ಮನೆಗೆ ಹೊರಟಿದ್ದ ಗಿರಿಜಕ್ಕ ಡ್ರೈವರಿನ ಹಿಂದಿನ ಸೀಟಿನಲ್ಲಿದ್ದರು. ಊಟದಲ್ಲಿ ಹೊಯ್ಗೆ, ಎಂದರೆ ಮರಳು, ಸಿಕ್ಕ ಸುದ್ದಿ ಆಗಲೇ ಅವರಿಗೆ ಮುಟ್ಟಿತ್ತು.

"ಹ್ವಾಯ್ ಸುಮತಕ್ಕ, ಊರಿನ್ ಕ್ರಿಸ್ತಾನ್ರಿಗೆಲ್ಲ ಹೊಯ್ಗಿ ತಿನ್ಸಿದ್ರಂಬ್ರಲೆ?"

ಗಂಟೆಗೊಮ್ಮೆ ನೀರು ಬದಲಿಸಿದೆ, ಕೈಯಾಡಿಸಿ ತೊಳೆದೆ ಎಂದು ನಾನು ನನ್ನ ಶ್ರಮವನ್ನೆಲ್ಲ ಹೇಳಿಕೊಂಡೆ. ಅವರು ಹಣೆ ಬಡಿದುಕೊಂಡರು.

"ಅದೇ ಕಾಣಿ ನೀವ್ ಮಾಡಿದ್ದ್. ಅಲ್ಗಾಡ್ಸ್ರೆ ಮಳಿ ಹೆದ್ರಿ ಬಾಯ್ ಮುಚ್ಚತ್ತ್. ಬಾಯ್ ಬಿಡ್ದಿದ್ರೆ ಹೊಯ್ಗಿ ಹೊರ್ಗ್ ಬಪ್ಪುದ್ ಹ್ಯಾಂಗೆ? ಹೊಳಿಯಿಂದ ಹೊತ್ಕಂಡ್ ಬಪ್ಪುದ್ ನಮ್ಮ ಕೆಲ್ಸ, ಕಾಯಿ ಕೆರುದ್ ನಮ್ಮ ಕೆಲ್ಸ. ಹೊಯ್ಗಿ ಬಿಡುದ್ ಅದ್ರ ಕೆಲ್ಸ. ಅದಕ್ಕೆ ನೀವ್ ಸುಮ್ನೆ ಇರ್ಕ್, ಅಷ್ಟೇ."

ಸುತ್ತಲಿನವರು ನಕ್ಕರು. ಡ್ರೈವರ್ ಕೂಡ ನಗುತ್ತ ಕನ್ನಡಿಯಲ್ಲಿ ನನ್ನನ್ನು ನೋಡಿದ, ತಕ್ಷಣ ಮುಖ ಸಣ್ಣದು ಮಾಡಿಕೊಂಡ. ಆಗ ಗುರುತು ಸಿಕ್ಕಿತು. ಸೀನ. ನಮ್ಮವರ ಜೊತೆ ಮೂರು ವರ್ಷ ಅದೇ ರೂಟಿನಲ್ಲಿ ಬಸ್ಸು ಓಡಿಸಿದವನು. ಅವರು ತೀರಿಕೊಂಡಾಗ ಮಣ್ಣಿಗೂ ಬರಲಿಲ್ಲ, ಮನೆಗೂ ಬರಲಿಲ್ಲ, ಮುಂಬಯಿಗೆ ಹೋದನೆಂದು ಕೇಳಿ ನನಗೆ ಬೇಸರವಾಗಿತ್ತು. ತಿಂಗಳ ಹಿಂದಷ್ಟೇ ಊರಿಗೆ ಮರಳಿದ್ದನಂತೆ.

ಬೈಂದೂರಿನಲ್ಲಿ ಎಲ್ಲರೂ ಇಳಿದ ಮೇಲೆ ಅವನು ಎಂಜಿನ್ ನಿಲ್ಲಿಸಿ ನನ್ನನ್ನು ಕರೆದ. ಸ್ಟಿಯರಿಂಗ್ ನೋಡುತ್ತಲೇ ಮಾತಾಡಿದ. ಆ ಮಧ್ಯಾಹ್ನ ಅವನು ಬ್ರಹ್ಮಾವರದ ಆಸ್ಪತ್ರೆಗೆ ಎಳನೀರು ತಂದಿದ್ದನಂತೆ. ನಾನು ನಿದ್ದೆಯಲ್ಲಿದ್ದೆನಂತೆ. ಅಷ್ಟರಲ್ಲಿ ನಮ್ಮವರು ಕಣ್ಣು ಬಿಟ್ಟರಂತೆ.

"ನಾ ನಿಮ್ಮನ್ನ ಎಬ್ಸುಕ್ ಹೋದೆ ಅಕ್ಕ. ಅಣ್ಣ ಕೈ ಎತ್ತಿ ಬ್ಯಾಡ ಅಂದ್ರ್. ಆಮೇಲ್ ಹೇಳ್ರ್, 'ಮನಿಕಣ್ಲಿ ಮಾರಾಯ. ಅದ್ರ ಸ್ಟಾಪ್ ಇನ್ನೂ ಬರ್ಲಿಲ್ಲ. ನಂದ್ ಬಂತ್.'"

ತಮಾಷೆ ಮಾಡುತ್ತಿದ್ದಾರೆ, ಹುಷಾರಾಗುತ್ತಿದ್ದಾರೆ ಎಂದು ಸೀನ ತಿಳಿದನಂತೆ. ಎಳನೀರು ಮೇಜಿನ ಮೇಲಿಟ್ಟು, ಡ್ಯೂಟಿಗೆ ಹೊತ್ತಾಯಿತೆಂದು ಹೊರಟನಂತೆ. ಸಂಜೆ ಸುದ್ದಿ ಕೇಳಿದ ಮೇಲೆ, ಆಗಲೇ ಎಬ್ಬಿಸಿದ್ದರೆ ಅಕ್ಕ ಕಡೇ ಮಾತಾದರೂ ಆಡುತ್ತಿದ್ದಳು, ಇನ್ನು ಯಾವ ಮುಖ ಹೊತ್ತು ಹೋಗಲಿ ಎಂದು ಊರೇ ಬಿಟ್ಟಿದ್ದ.

ಹೌದು, ಆ ದಿನ ಮೇಜಿನ ಮೇಲೆ ಒಂದು ಎಳನೀರು ಇತ್ತು. ಯಾರು ಇಟ್ಟದ್ದೆಂದು ನಾನು ಯಾರನ್ನೂ ಕೇಳಿರಲಿಲ್ಲ.

ನೋಡಿ, ಒಂದೇ ಗಂಟೆಯನ್ನು ಇಬ್ಬರು ಆರು ವರ್ಷ ಹೊತ್ತು ತಿರುಗಿದ್ದೆವು. ಅವನು ಮುಂಬಯಿಯಲ್ಲಿ, ನಾನು ಇಲ್ಲಿ ದೇವಾಲಯ ಗುಡಿಸುತ್ತ. ಸೀನನಿಗೆ ನಾನು, ನೀನು ಮಾಡಿದ್ದು ಸರಿ, ಅವರು ಹೇಳಿದಂತೆ ಮಾಡಿದೆ ಎಂದೆ. ಹಾಗೆನ್ನುವಾಗಲೇ ಆ ಮಾತು ನನಗೂ ಸೇರಿದ್ದೆಂದು ತಿಳಿಯಿತು. ನನ್ನನ್ನು ಅವರು ಹುಡುಕಿರಲಿಲ್ಲ. ಕಣ್ಣೆದುರೇ ಇದ್ದೆ. ಹತ್ತೊಂಬತ್ತು ದಿನ ಎಚ್ಚರವಿದ್ದವಳು ಒಂದಿಷ್ಟು ಮಲಗಿದಳೆಂದು ಸಮಾಧಾನವಾಗಿ ಹೋದರು. ನಾನು ಬೇಡುತ್ತಿದ್ದ ಕ್ಷಮೆ ಬೇಡುವ ಮೊದಲೇ, ನಾನು ನಿದ್ದೆಯಲ್ಲಿರುವಾಗಲೇ ಸಿಕ್ಕಿಬಿಟ್ಟಿತ್ತು. ಬಾಯಿ ಮುಚ್ಚಿಕೊಂಡಿದ್ದ ನನ್ನೊಳಗೆ ಮರಳು ಉಳಿದಿತ್ತು, ಅಷ್ಟೇ.

ಕೂಟ ಮುಗಿಸಿ ಮೂರು ಗಂಟೆಗೆ ಅದೇ ಬಸ್ಸು ಹತ್ತಿದೆ. ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತೆ. ಉಪ್ಪುಂದ ದಾಟಿದ್ದು ಗೊತ್ತು. ಮರವಂತೆಯ ಸಮುದ್ರವೂ ಕಾಣಲಿಲ್ಲ, ತ್ರಾಸಿಯೂ ಕಾಣಲಿಲ್ಲ. ಸೇತುವೆಗಳೆಲ್ಲ ನನ್ನನ್ನು ಕೇಳದೆಯೇ ದಾಟಿಹೋದವು. ಕುಂದಾಪುರದಲ್ಲಿ ಸೀನ ಡ್ರೈವರ್ ಸೀಟಿನಿಂದ ಇಳಿದು ಬಂದು ಸೀಟಿನ ಹಿಡಿ ತಟ್ಟಿದ.

"ಅಕ್ಕ, ಏಳಿ. ನಿಮ್ಮ ಸ್ಟಾಪ್ ಬಂತ್."

ಅದಾಗಿ ನಾಲ್ಕು ವರ್ಷವಾಯಿತು. ಈಗಲೂ ದೇವಾಲಯ ಗುಡಿಸುತ್ತೇನೆ, ಸಂಡೇ ಸ್ಕೂಲಿಗೆ ಹೋಗುತ್ತೇನೆ; ಗುಡಿಸುವಾಗ ಹಾಡು ಬರುತ್ತದೆ. ಬಲಿಪೀಠದ ಬಟ್ಟೆಯನ್ನು ಮಾತ್ರ ಬೇರೆಯವರಿಗೆ ಬಿಟ್ಟುಕೊಟ್ಟೆ; ನನಗಿಂತ ಬಿಳಿ ಮಾಡುತ್ತಾರೆ. ಬೆಳೆಹಬ್ಬದ ಮಳಿ ಸುಕ್ಕ ಪ್ರತಿ ವರ್ಷ ನನ್ನದೇ. ಹೊಳೆಯ ನೀರಲ್ಲಿ ಮಳಿ ಹಾಕಿ, ಮೇಲೊಂದು ಬಟ್ಟೆ ಮುಚ್ಚಿ, ನಾನೂ ಹೋಗಿ ಮಲಗುತ್ತೇನೆ. ಅಯ್ಯನವರು ಮೊದಲ ತುತ್ತನ್ನು ಇನ್ನೂ ಹುಷಾರಾಗಿಯೇ ಅಗಿಯುತ್ತಾರೆ.

ನಮ್ಮವರ ನೆನಪಿಗೆ ಈಗಲೂ ಅಳು ಬರುತ್ತದೆ. ಅತ್ತು ಮುಗಿದ ಮೇಲೆ ನಿದ್ದೆಯೂ ಬರುತ್ತದೆ. ನಿಮ್ಮಲ್ಲಿ ಯಾರಾದರೂ ನನ್ನಂತೆ ಕಂಬಿ ಹಿಡಿದು ನಿಂತಿದ್ದರೆ, ದಯವಿಟ್ಟು ಕೂತುಕೊಳ್ಳಿ. ನೀವು ನಿಂತರೆ ಬಸ್ಸು ಬೇಗ ಹೋಗುವುದಿಲ್ಲ. ನಡೆಸುವವನು ಎಚ್ಚರವಾಗಿದ್ದಾನೆ, ನಿಮ್ಮ ಸ್ಟಾಪ್ ಬಂದಾಗ ಎಬ್ಬಿಸುತ್ತಾನೆ. ಅವನಿಗೆ ಸ್ತೋತ್ರ.