ಗುಡ್ಡದ ಮೇಲೆ ಡೊಳ್ಳು ಕೇಳಿದ್ದು

ಬೆಳಿಗ್ಗೆ ಅಟ್ಟದಿಂದ ಬೆನ್ನುಚೀಲ ಇಳಿಸುವಾಗ ಅದರ ಜೇಬಿನಿಂದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಸೀಟಿಯೊಂದು ಬಿತ್ತು. ಆಟದ ಮಾಸ್ತರರ ಕೊರಳಲ್ಲಿರುವಂಥದ್ದು. ನಾನು ಆಟದ ಮಾಸ್ತರನಲ್ಲ. ಇಳಕಲ್ಲಿನಲ್ಲಿ ನಿವೃತ್ತನಾಗಿ ಕೂತು, ನಾಲ್ಕು ಮೆಟ್ಟಿಲು ಹತ್ತಿದರೂ ಚಾರಣವೆಂದು ಹೇಳಿಕೊಳ್ಳುವ ಮನುಷ್ಯ. ಸೀಟಿ ಕೊಟ್ಟವಳು ಗಂಗವ್ವ, ನನ್ನ ಶಾಲೆಯ ಗೆಳೆಯ ಯಲ್ಲಪ್ಪನ ಹೆಂಡತಿ. ನಾವು ಗುಡ್ಡದಿಂದ ಮರಳಿದ ಮೇಲೆ ತಾನೇ ಜೇಬಿಗೆ ತುರುಕಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಎರಡು ವರ್ಷವಾಯಿತು, ಅಥವಾ ಮೂರು. ನನ್ನ ನೆನಪನ್ನು ನೀವು ಪೂರ್ತಿ ನಂಬಬೇಡಿ, ನಾನೂ ನಂಬುವುದಿಲ್ಲ. ನಾವು ಮೂವರು ಬಾದಾಮಿ ಗುಡ್ಡದ ಅರಣ್ಯ ಉದ್ಯಾನದಲ್ಲಿ ಒಂದು ದಿನ ನಡೆದು ಬರಲು ಹೋಗಿದ್ದೆವು. ಕೆಂಪು ಬಂಡೆಗಳ ನಡುವೆ ಹಾದಿ, ಮರಗಳಿಗೆ ಹೆಸರಿನ ಫಲಕ. ಫಲಕಗಳನ್ನು ಗಟ್ಟಿಯಾಗಿ ಓದುತ್ತ ನಾನು ಮುಂದೆ, ಯಲ್ಲಪ್ಪ ಹಿಂದೆ. ಅವನ ಬಲಭುಜಕ್ಕೆ ಆ ಬೇಸಿಗೆಯಲ್ಲಿ ಬಾಗಲಕೋಟೆಯಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಒಂದು ವರ್ಷ ಆ ಕೈಗೆ ಕೆಲಸ ಕೊಡಬಾರದು ಎಂದಿದ್ದರು ಡಾಕ್ಟರು. ಸರಕಾರಿ ನೌಕರಿ ಅವನ ಹೊಟ್ಟೆಗೆ. ಅವನು ಬದುಕಿದ್ದು ತನ್ನೂರಿನ ಬೀರಪ್ಪನ ಗುಡಿಯ ಡೊಳ್ಳಿಗೆ. ವರ್ಷ ಕಳೆದರೆ ಮತ್ತೆ ಬಡಿಯಬಹುದೆಂಬ ಆಸೆಯಲ್ಲಿ ನೀರಿನ ಚೊಂಬನ್ನೂ ಎಡಗೈಯಲ್ಲೇ ಎತ್ತುತ್ತಿದ್ದ.

"ಹಾದಿ ಬಿಡಬ್ಯಾಡಲೇ," ಎಂದ ಯಲ್ಲಪ್ಪ.

"ಇಷ್ಟು ಬೋರ್ಡ್ ಅದಾವ, ಯಾಂವ ತಪ್ಪಿಸಿಕೊಳ್ತಾನ?" ಎಂದೆ.

"ಬೋರ್ಡ್ ಗಿಡದ ಹೆಸರ ಹೇಳ್ತಾವ್ರಿ, ನಿಮ್ಮ ಹೆಸರ ಹೇಳಂಗಿಲ್ಲ," ಎಂದಳು ಗಂಗವ್ವ.

ಫಲಕವಿಲ್ಲದ ಒಂದು ಮರ ಕಂಡಿತು. ಅದು ಯಾವುದೆಂದು ನೋಡಲು ಹಾದಿ ಬಿಟ್ಟೆ. ಆಚೆ ಇನ್ನೊಂದು. ಅದರಾಚೆ ದೊಡ್ಡ ಬಂಡೆ, ಅದರಡಿ ತಂಪು ನೆರಳು. ಇದೇ ದಾರಿಯಲ್ಲಿ ಅವರೂ ಬರುತ್ತಾರೆಂದು ಕಾಲು ಚಾಚಿದೆ. ಮೂವರ ಬುತ್ತಿಯೂ ನನ್ನ ಚೀಲದಲ್ಲೇ ಇತ್ತು ಎಂಬುದನ್ನು ಇಲ್ಲಿ ಹೇಳಿಬಿಡಬೇಕು.

ಎಚ್ಚರವಾದಾಗ ಬಿಸಿಲು ಬಂಡೆಯಿಂದ ಇಳಿದಿತ್ತು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಕೆಳಗೆಲ್ಲೋ ಡೊಳ್ಳು ಕೇಳುತ್ತಿತ್ತು. ಬುಡದ ಹಳ್ಳಿಯಲ್ಲಿ ಬೀರಪ್ಪನ ಪೂಜೆ ಇರಬೇಕು ಅಂದುಕೊಂಡೆ. ನಿಧಾನವಾಗಿ ಶುರುವಾಗಿ, ಎದೆಯೊಳಗೆ ಹೊಕ್ಕು ಹೊರಬರುವ ಬಡಿತ. ಬುತ್ತಿ ಬಿಚ್ಚಿದೆ. ಕಟಕ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿಕೊಂಡು, ಇನ್ನೊಂದು ಕೈಯಿಂದ ತೊಡೆಯ ಮೇಲೆ ತಾಳ ಹಾಕಿದೆ. ಭಲೇ ಎಂದಿದ್ದೂ ನೆನಪಿದೆ. ನಾಚಿಕೆ ಹೆಚ್ಚಾಗಲೆಂದು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು. ಮುಗಿಯುವ ತನಕ ಏಳಲಿಲ್ಲ. ಅದು ನಿಂತ ಮೇಲೆ ಚೀಲ ಹೆಗಲಿಗೇರಿಸಿ, ಸದ್ದು ಬಂದ ಕಡೆ ಇಳಿದೆ.

ಕೆಳಗೆ ಜನ ಗುಂಪುಗೂಡಿದ್ದರು. ಮುಂದೆಯೇ ಗಂಗವ್ವ ನಿಂತಿದ್ದಳು.

"ಏನ್ ಗಂಗವ್ವ, ಯಾವ ದೇವರ ಉತ್ಸವ?"

"ನಿಮ್ಮದ ರಿ."

ಗುಡ್ಡದಲ್ಲಿ ಯಾರಾದರೂ ತಪ್ಪಿಸಿಕೊಂಡರೆ ಎತ್ತರದ ಬಂಡೆ ಹತ್ತಿ ಡೊಳ್ಳು ಬಡಿಯುವುದು ಅಲ್ಲಿಯ ಕುರಿಗಾರರ ರೂಢಿ. ಕೂಗು ಮುಟ್ಟದಲ್ಲಿಗೆ ಡೊಳ್ಳು ಮುಟ್ಟುತ್ತದೆ. ಕೇಳಿದವನು ಅದರತ್ತ ನಡೆದು ಬರಬೇಕು. ಈ ರೂಢಿ ನನಗೆ ಗೊತ್ತಿತ್ತು. ತಪ್ಪಿಸಿಕೊಂಡವನು ನಾನೇ ಎಂಬುದು ಗೊತ್ತಿರಲಿಲ್ಲ. ಹಳ್ಳಿಯಲ್ಲಿ ಬಡಿಯುವವರು ಕುರಿ ಹೊಡೆದುಕೊಂಡು ದೂರ ಹೋಗಿದ್ದರು. ಗುಡಿಯ ಡೊಳ್ಳನ್ನು ಯಲ್ಲಪ್ಪನೇ ಕೊರಳಿಗೆ ಹಾಕಿಕೊಂಡಿದ್ದ.

ಅವನು ನೆಲದ ಮೇಲೆ ಕೂತಿದ್ದ. ಬಲಗೈ ತೊಡೆಯ ಮೇಲಿತ್ತು, ಬೇರೆ ಯಾರೋ ಮರೆತು ಬಿಟ್ಟುಹೋದಂತೆ.

"ಡೊಳ್ಳು ಕೇಳಿ ಬಂದ್ಯೇನಲೇ?"

ನಾನು ಹೌದೆಂದು ತಲೆಯಾಡಿಸಿದೆ. ಆ ಕೈ ಅವತ್ತಿನಿಂದ ಮತ್ತೆ ಭುಜದ ಮಟ್ಟಕ್ಕೆ ಏರಲಿಲ್ಲ.

ಆಮೇಲೆ ಕುಳಗೇರಿ ಕ್ರಾಸಿನ ಚಹಾದಂಗಡಿಯಲ್ಲಿ, ಮದುವೆಗಳಲ್ಲಿ, ಬಸ್ಸಿನಲ್ಲಿ ಅವನು ಈ ಕಥೆ ಹೇಳುತ್ತಲೇ ಬಂದಿದ್ದಾನೆ. "ಡೊಳ್ಳು ಇವನ್ನ ಹಗ್ಗ ಹಾಕಿ ಎಳದಂಗ ಎಳಕೊಂಡು ಬಂತು ನೋಡ್ರಿ," ಎಂದು ನನ್ನತ್ತ ನೋಡುತ್ತಾನೆ. ನಾನು ತಲೆಯಾಡಿಸುತ್ತೇನೆ. ಎಷ್ಟು ಸಲ ಆಡಿಸಿದ್ದೇನೆಂದರೆ, ಈಗ ನನ್ನ ನೆನಪಿನಲ್ಲೂ ನಾನು ಮೊದಲ ಪೆಟ್ಟಿಗೇ ಎದ್ದು ಓಡುತ್ತೇನೆ. ಕೈಯಲ್ಲಿ ರೊಟ್ಟಿ ಇರುವುದಿಲ್ಲ.

ಇವತ್ತು ಅದು ಸಾಕೆನಿಸಿತು. ಹುನಗುಂದದ ಬಸ್ಸು ಹಿಡಿದು ಅವನ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಕೂತು ನೆಲ ನೋಡುತ್ತ ಹೇಳಿದೆ: "ಯಲ್ಲಪ್ಪ, ಅವತ್ತ ನಾ ಡೊಳ್ಳು ಕೇಳಿ ಎದ್ದು ಬರಲಿಲ್ಲ. ಪೂಜಿ ಅಂತ ತಿಳಕೊಂಡೆ. ಕುಂತು ಕೇಳಿದೆ. ಬುತ್ತಿ ಉಂಡೆ."

"ಮೂರೂ ಮಂದೀದು ಉಂಡೀರಿ," ಎಂದಳು ಗಂಗವ್ವ ಒಳಗಿನಿಂದ. "ಚೀಲ ನಾನ ತೊಳದೇನಿ."

ಯಲ್ಲಪ್ಪ ಎಡಗೈಯಿಂದ ಬಲಭುಜವನ್ನೊಮ್ಮೆ ಒತ್ತಿಕೊಂಡ. ಬೈಗುಳಕ್ಕೆ ಸಿದ್ಧನಾಗಿ ಕೂತಿದ್ದೆ.

"ಪೂರಾ ಕೇಳಿದೇನು?"

"ಪೂರಾ."

"ಹೆಂಗಿತ್ತು?"

ಈ ಪ್ರಶ್ನೆಗೆ ಸಿದ್ಧನಾಗಿರಲಿಲ್ಲ. "ಭಾಳ ಚಲೋ ಇತ್ತು," ಎಂದೆ.

"ನಡುವ ಭುಜ ಹಿಡೀತು. ಕೋಲ ಎಡಗೈಗೆ ತಗೊಂಡೆ. ಗೊತ್ತಾತೇನು?"

ಆ ಸಂಜೆಯನ್ನೆಲ್ಲ ತಡಕಿದೆ. ಒಂದು ಪೆಟ್ಟು ಸಣ್ಣದಾಗಿದ್ದದ್ದು ಈಗ ಕೇಳಿಸಿದಂತಾಯಿತು. ಆದರೆ ಅದನ್ನು ಅಲ್ಲಿಟ್ಟದ್ದು ಅವನ ಮಾತೇ ಇರಬೇಕು.

"ಇಲ್ಲಪ, ಗೊತ್ತಾಗಲಿಲ್ಲ."

"ಗೊತ್ತಾಗಬಾರದು ಅಂತನ ಬಡದಿದ್ದೆ," ಎಂದ. ಎಡಗೈ ಊರಿ, ಪೂರ್ತಿ ನನ್ನ ಕಡೆ ತಿರುಗಿ ಕೂತ. "ಅವತ್ತ ಉಳದವರೆಲ್ಲಾ ನಿನ್ನ ಹುಡಕಾಕ ಹತ್ತಿದ್ರು. ಕುಂತು ಕೇಳಿದಾಂವ ನೀ ಒಬ್ಬನ. ಹೇಳು ಈಗ. ಮೊದಲ ಪೆಟ್ಟಿನಿಂದ ಹೇಳು."

ತಲೆ ತಗ್ಗಿಸಿಕೊಂಡೇ ಹೇಳತೊಡಗಿದೆ.