ಸವರಿ, ತಿಕ್ಕಬೇಡಿ

ಹನುಮಂತಮ್ಮ ಪಾಲಿಶ್ ಮಾಡಿದ ಬುಗುರಿಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಚನ್ನಪಟ್ಟಣದ ಗೊಂಬೆ ಮಾಡುವವರೆಲ್ಲ ಹೇಳುತ್ತಿದ್ದರು. ಆಕೆ ಅಲ್ಲಗಳೆಯುತ್ತಿರಲಿಲ್ಲ. ಇಪ್ಪತ್ತು ವರ್ಷ ಲೇತಿನ ಮುಂದೆ ಕೂತು, ತಿರುಗುವ ಮರಕ್ಕೆ ಅರಗಿನ ಬಣ್ಣ ಹಿಡಿಸಿ, ತಾಳೆಗರಿಯಿಂದ ಒತ್ತಿ ತಿಕ್ಕಿದ ಕೈ ಅದು. ಒಂದಿಷ್ಟು ಬಿಂಕವೂ ಇರಬಾರದೆಂದರೆ ಹೇಗೆ?

ಬಿಡದಿಯಲ್ಲಿ ಕಾರ್ಖಾನೆಗಳು ಒಂದರ ಬೆನ್ನಿಗೊಂದು ಏಳುತ್ತಿದ್ದ ಕಾಲ. ಗಂಡ ಲಿಂಗಯ್ಯ ಅಲ್ಲೊಂದರ ಗೇಟಿನಲ್ಲಿ ಸೆಕ್ಯುರಿಟಿ. ಮಗಳು ಭಾನುಪ್ರಿಯ ಮೂರು ತಿಂಗಳ ಬಸುರಿ. ಆಗ ಹನುಮಂತಮ್ಮನ ಬಾಯಲ್ಲಿ ಹುಣ್ಣೆದ್ದವು, ಆಮೇಲೆ ಎದೆ, ತೋಳುಗಳ ಮೇಲೆ ನೀರ್ಗುಳ್ಳೆಗಳು. ಒಡೆದರೆ ಚರ್ಮವೇ ಕಿತ್ತು ಬರುತ್ತಿತ್ತು. ಮುದ್ದೆ ನುಂಗುವುದಾದ್ದರಿಂದ ಹೇಗೋ ಇಳಿಯುತ್ತಿತ್ತು, ಸಾರಿನ ಖಾರಕ್ಕೆ ಮಾತ್ರ ಕಣ್ಣೀರು ಬರುತ್ತಿತ್ತು. ಅದಕ್ಕಿಂತ ಚುಚ್ಚಿದ್ದು ಬೀಗಿತ್ತಿ ದೊಡ್ಡಲಕ್ಷ್ಮಮ್ಮನ ಮಾತು.

"ಏನೂ ಅನ್ಕೋಬ್ಯಾಡಿ ಬೀಗ್ರೆ. ಮಗಿಗೆ ನೀರ್ ಉಯ್ಯೋಕೆ ಬ್ಯಾರೆಯೋರ್ನ ನೋಡ್ಕತೀವಿ. ಅಂಟ್ಕಂಡ್ರೆ ಏನ್ ಮಾಡದು?"

ಚೊಚ್ಚಲ ಮೊಮ್ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ ನೀರೆರೆಯುವುದು ತಾನೇ ಎಂದು ಮಗಳ ಮದುವೆಯ ದಿನವೇ ಆಕೆ ತೀರ್ಮಾನಿಸಿಕೊಂಡಿದ್ದಳು. ಅದೇ ಕೈತಪ್ಪುತ್ತದೆ ಎಂದಾಗ ಆಸ್ಪತ್ರೆಗೆ ಹೊರಟೇಬಿಟ್ಟಳು.

ಪ್ರತಿ ಗುರುವಾರ ರಾಮನಗರಕ್ಕೆ ಬರುತ್ತಿದ್ದ ಚರ್ಮದ ಡಾಕ್ಟರು ಜುವೇರಿಯಾ, ಚರ್ಮದ ಒಂದು ಚೂರನ್ನು ಪರೀಕ್ಷೆಗೆ ಕಳಿಸಿ, ಇದು ಪೆಂಫಿಗಸ್ ಎಂದರು. ಅಪರೂಪದ ಕಾಯಿಲೆ; ಮೈ ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಚರ್ಮದ ಮೇಲೆ ಬೀಳುತ್ತದೆ. "ನಾಗದೋಷ ಅಲ್ಲ ಅಮ್ಮ. ಯಾರಿಗೂ ಅಂಟಲ್ಲ," ಎಂದು ಎರಡು ಸಲ ಹೇಳಿದರು. ತಿಂಡಿಯಾದ ಮೇಲೆ ಮಾತ್ರೆ, ದಿನಕ್ಕೆರಡು ಸಲ ಮುಲಾಮು. ಮಾತ್ರೆಯನ್ನು ತಾನಾಗಿ ನಿಲ್ಲಿಸುವಂತಿಲ್ಲ.

ತಿಂಗಳಲ್ಲಿ ಬಾಯಿಯ ಹುಣ್ಣು ಮಾಯಿತು. ತೋಳು ಮಾತ್ರ ಮೊದಲಿಗಿಂತ ಹದಗೆಟ್ಟಿತು. ಡಾಕ್ಟರಿಗೆ ತಲೆ ಕೆಟ್ಟಿತು.

"ಮುಲಾಮು ಹೇಗೆ ಹಚ್ತೀರ, ತೋರಿಸಿ."

ಹನುಮಂತಮ್ಮ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಗಾಜಿನ ಗುಂಡನ್ನು ಎತ್ತಿಕೊಂಡು ಹೆಬ್ಬೆರಳು ಒತ್ತಿ ಗರಗರ ತಿಕ್ಕಿದಳು.

"ವಳಪು ಬರೋಗಂಟ ತಿಕ್ತೀನಿ ತಾಯಿ. ಇಲ್ದಿದ್ರೆ ಹಿಡಿಯಾಕಿಲ್ಲ. ಒಸಿ ಗರೀಲೂ ತಿಕ್ದೆ."

ಡಾಕ್ಟರು ಹಣೆ ಚಚ್ಚಿಕೊಂಡರು, ಆಮೇಲೆ ನಗು ತಡೆಯಲಾರದೆ ಹೋದರು. ಈ ಕಾಯಿಲೆಯಲ್ಲಿ ಉಜ್ಜಿದರೆ ಚೆನ್ನಾಗಿರುವ ಚರ್ಮವೂ ಸುಲಿದು ಬರುತ್ತದೆ. "ನೀವು ಗೊಂಬೆ ಅಲ್ಲಮ್ಮ. ಸವರಿ, ತಿಕ್ಕಬೇಡಿ."

ಇಪ್ಪತ್ತು ವರ್ಷದ ಕೈ ಹೇಳಿದ ಮಾತು ಕೇಳುತ್ತದೆಯೇ? ಕೊನೆಗೆ ಮುಲಾಮಿನ ಕೆಲಸ ಲಿಂಗಯ್ಯನ ಪಾಲಿಗೆ ಬಂತು. "ಅಲ್ಲಿ ಲಾರಿ ತಡೀತೀನಿ, ಇಲ್ಲಿ ನಿನ್ ಕೈ ತಡೀಬೇಕು," ಎಂದು ಗೊಣಗುತ್ತಲೇ, ಡ್ಯೂಟಿಗೆ ಹೋಗುವ ಮೊದಲೂ ಬಂದ ಮೇಲೂ ಒಂದೇ ಬೆರಳಿನಲ್ಲಿ ಹಗುರವಾಗಿ ಸವರುತ್ತಿದ್ದ. ಹೊಸ ಗುಳ್ಳೆ ಏಳುವುದು ನಿಂತಿತು. ಹಳೆಯವು ಒಣಗಿ ಕಪ್ಪು ಕಲೆಗಳಷ್ಟೇ ಉಳಿದವು. ಡಾಕ್ಟರು ಮಾತ್ರೆಗಳನ್ನು ಒಂದೊಂದಾಗಿ ಇಳಿಸತೊಡಗಿದರು.

ಬಾಣಂತನ ಹನುಮಂತಮ್ಮನ ಮನೆಯಲ್ಲೇ. ಆದರೂ ಡಾಕ್ಟರ ಮಾತು ನಂಬದ ದೊಡ್ಡಲಕ್ಷ್ಮಮ್ಮ ಹೇಳಿದಂತೆ ನೀರೆರೆಯಲು ಬಂದವಳು ಪಕ್ಕದ ಬೀದಿಯ ಕೆಂಚಮ್ಮ. ಮಗುವನ್ನು ನೋಡಲು ಬೀಗಿತ್ತಿ ಬಂದ ದಿನ, ಕೆಂಚಮ್ಮನ ಕೈಯಲ್ಲಿ ಕೂಸು ಕಿರುಚಿ ಕಿರುಚಿ ಕೆಂಪಾಗಿತ್ತು. ಬಾಗಿಲಲ್ಲಿ ನಿಂತಿದ್ದ ಹನುಮಂತಮ್ಮನಿಗೆ ತಡೆಯಲಾಗಲಿಲ್ಲ.

"ತಿಕ್ಬ್ಯಾಡ ಕಣವ್ವ, ಸವರು."

ದೊಡ್ಡಲಕ್ಷ್ಮಮ್ಮ ತಿರುಗಿ ಆ ಮಾಯಿದ ತೋಳುಗಳನ್ನು ನೋಡಿದಳು. ಕೆಂಚಮ್ಮನ ಕಾಲ ಮೇಲಿಂದ ಕೂಸನ್ನು ಎತ್ತಿ ತಂದಳು. "ಕುಂತ್ಕಳಿ ಬೀಗ್ರೆ. ನೀವೇ ಉಯ್ರಿ."

ಹನುಮಂತಮ್ಮ ಕಾಲು ಚಾಚಿ ಕೂತಳು. ಎಣ್ಣೆ ಸವರಿದಳು. ಕೂಸು ಅಳು ನಿಲ್ಲಿಸಿ, ಅಜ್ಜಿಯ ಸೀರೆಯ ಮೇಲೆ ಬೆಚ್ಚಗೆ ಉಚ್ಚೆ ಹೊಯ್ಯಿತು. ಆಕೆ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

"ವಳಪು ಬಂತಾ ಅವ್ವ?" ಒಳಗಿನಿಂದ ಭಾನುಪ್ರಿಯ ರೇಗಿಸಿದಳು.

"ಇದು ಪಾಲಿಶ್ ಆಗೇ ಬಂದೈತೆ ಕಣೆ."