ಮಗ್ಗದ ಮನೆಯ ರಾಗಿ ಸರಿ

ನನ್ನ ಅಜ್ಜಿ ಸೂರಮ್ಮ ಮೊಳಕಾಲ್ಮೂರಿನ ನೇಕಾರರ ಮನೆಗೆ ಸೊಸೆಯಾಗಿ ಬಂದದ್ದು ಸಾವಿರದ ಒಂಬೈನೂರ ಹತ್ತರ ಆಸುಪಾಸು. ಇದ್ದದ್ದು ಒಂದೇ ಕೋಣೆ. ಅದರಲ್ಲಿ ಮುಕ್ಕಾಲು ಪಾಲು ಮಗ್ಗದ್ದು. ಮಗ್ಗದ ಮೇಲೆ ಸೀರೆ ಇರುವಷ್ಟು ಕಾಲ ಬೀಸುವ ಕಲ್ಲು ತಿರುಗುವಂತಿರಲಿಲ್ಲ. ಹಿಟ್ಟಿನ ಧೂಳು ಕೂತರೆ ರೇಷ್ಮೆ ಕೆಡುತ್ತದೆ ಎಂಬ ಭಯ. ಒಂದು ಸೀರೆ ಇಳಿದ ಕೂಡಲೇ ಇನ್ನೊಂದರ ಹಾಸುನೂಲು ಮಗ್ಗಕ್ಕೆ ಏರುತ್ತಿತ್ತು, ಹಾಗಾಗಿ ಕಲ್ಲು ಮೂಲೆಯಲ್ಲೇ ಉಳಿಯಿತು.

ದೊಡ್ಡವರು ಕೊಂಡು ತಂದ ಹಿಟ್ಟಿನ ಮುದ್ದೆ ಉಣ್ಣುತ್ತಿದ್ದರು. ಹಲ್ಲು ಬಾರದ ಕೂಸಿಗೆ ಸಿಗುತ್ತಿದ್ದುದು ನೂಲಿಗೆ ಹಚ್ಚಲು ಕಾಯಿಸಿದ ಅಕ್ಕಿ ಗಂಜಿಯ ತಿಳಿ. ಅಕ್ಕಿಯದಲ್ಲವೇ ಎಂಬ ಜಂಬ ಬೇರೆ! ಸೂರಮ್ಮನ ಚೊಚ್ಚಲು ಗಂಡುಮಗು ಆ ತಿಳಿ ಕುಡಿದೇ ಸೊರಗಿ ತೀರಿಕೊಂಡಿತು. ನನಗೆ ಇಂದಿಗೂ ಆ ಸೀರೆಗಳ ಮೇಲೆ ಸಿಟ್ಟಿದೆ.

ಎರಡನೆಯದು ಹೆಣ್ಣು, ನನ್ನ ಅವ್ವ ಚಿತ್ತಮ್ಮ. ಅದೂ ಕೂರಿಸಿದರೆ ಪಕ್ಕಕ್ಕೆ ವಾಲತೊಡಗಿತು. ತವರು ಕೊಂಡ್ಲಹಳ್ಳಿಯ ಒಕ್ಕಲು ಮನೆಗಳಲ್ಲಿ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿ ಕೂಸುಗಳಿಗೆ ಸರಿ ಕಾಯಿಸುವುದನ್ನು ಅವಳು ನೋಡಿದ್ದಳು. ತಾನೂ ಹಾಗೆ ರಾಗಿ ಬೀಸಿಕೊಳ್ಳಲೇ ಎಂದು ಅತ್ತೆ ಎರ್ರಮ್ಮನನ್ನು ಕೇಳಿದಳು.

“ಸೀರೆ ಇಳೀಲಿ, ಆಮೇಲೆ ಬೀಸ್ಕೊ” ಎಂದಳು ಅತ್ತೆ.

“ಅಷ್ಟೊತ್ತಿಗೆ ಕೂಸು ಇರ್ತೈತಾ ಅತ್ತೆ?”

ಸೂರಮ್ಮ ರಾಗಿ ನೆನೆಹಾಕಿದಳು. ಮೊಳಕೆ ಒಣಗಿದ ಮೇಲೆ ಊರಂಚಿನಲ್ಲಿದ್ದ ಒಕ್ಕಲಗಿತ್ತಿ ಉಚ್ಚಂಗೆಮ್ಮನ ಜಗಲಿಯಲ್ಲಿ ಬೀಸಿ, ಅಲ್ಲೇ ತಲೆಗೆ ನೀರು ಹಾಕಿಕೊಂಡು, ಸೀರೆ ಬದಲಿಸಿ, ಮನೆಗೆ ಬಂದು ನೂಲು ಸುತ್ತಲು ಕೂತಳು. ಪ್ರತಿ ಸಲವೂ ಅತ್ತೆ ಅವಳ ಬೆರಳುಗಳನ್ನು ಹಿಡಿದು ನೋಡಿ, ಹಿಟ್ಟಿಲ್ಲವೆಂದು ಖಾತ್ರಿಯಾದ ಮೇಲೆಯೇ ನೂಲು ಮುಟ್ಟಗೊಡುತ್ತಿದ್ದಳು. ಚಳಿಗಾಲವೆಲ್ಲ ಹೀಗೇ ನಡೆಯಿತು. ಕೂಸು ನಿಧಾನವಾಗಿ ಮೈ ತುಂಬಿಕೊಂಡಿತು. ಬೀದಿಯ ಬಾಣಂತಿಯರೂ ಬಟ್ಟಲು ಹಿಡಿದು ಬರತೊಡಗಿದರು. ಅಜ್ಜಿ ಯಾರಿಗೂ ಇಲ್ಲವೆನ್ನಲಿಲ್ಲ, ಬೀಸುವ ಕೆಲಸ ಮಾತ್ರ ಹೆಚ್ಚಿತು.

ಚಿತ್ತಮ್ಮ ಮಗ್ಗದ ಕಂಬ ಹಿಡಿದು ಎದ್ದು ನಿಂತ ದಿನ ಎರ್ರಮ್ಮ ಸೊಸೆಯ ಪಕ್ಕದಲ್ಲಿ ಬಂದು ಕೂತಳು. ಅವಳು ನಾಲ್ಕು ಮಕ್ಕಳನ್ನು ಮಣ್ಣು ಮಾಡಿದವಳು.

“ನನ್ನ ಕೂಸುಗಳಿಗೂ ಇದನ್ನ ಕೊಟ್ಟಿದ್ರೆ ಉಳೀತಿದ್ವೇನೆ?”

ಉಳಿಯುತ್ತಿದ್ದವು ಎಂದೇ ಸೂರಮ್ಮನಿಗೆ ಅನ್ನಿಸಿತ್ತು. ತನ್ನದೂ ಒಂದು ಹೋಗಿತ್ತಲ್ಲ.

“ಇಲ್ಲ ಅತ್ತೆ. ಅವಕ್ಕೆ ಬಂದಿದ್ದು ಬೇರೆ ಕಾಯಿಲೆ.”

ಎರ್ರಮ್ಮ ನಂಬಲಿಲ್ಲ. ಮಾರನೆಯ ದಿನ ಸೂರಮ್ಮ ರಾಗಿ ಹೊತ್ತು ಉಚ್ಚಂಗೆಮ್ಮನ ಜಗಲಿಗೆ ಹೋದಾಗ, ಅತ್ತೆ ಆಗಲೇ ಬಂದು ಕಲ್ಲಿನ ಮುಂದೆ ಕೂತಿದ್ದಳು.